ದೊರೆ ಕಲಿತ ಬಾಯುಪಚಾರ

ಬಳ್ಳಾರಿಯ ಮುನ್ಷಿ ವಿಠ್ಠಲರಾಯರಿಗೆ ಆ ಶುಕ್ರವಾರ ಬಂದ ಕಷ್ಟಕ್ಕೆಲ್ಲ ಕಾರಣ ಒಂದೇ ಒಂದು ಪದ. ಆ ಪದವನ್ನು ಕೈ ಹಿಡಿದು ಕಲಿಸಿದವರು ತಾವೇ ಎಂಬ ಸಂಗತಿ ಅವರನ್ನು ಕಷ್ಟಕ್ಕಿಂತ ಹೆಚ್ಚು ಚುಚ್ಚಿತು.

ಕಂಟೋನ್ಮೆಂಟಿನ ಬಂಗಲೆಯಲ್ಲಿದ್ದ ಸಣ್ಣ ದೊರೆಗೆ ಕನ್ನಡ ಹೇಳಿಕೊಡುವುದು ರಾಯರ ಪಾಲಿಗೆ ಬಂದ ಕೆಲಸ. ಕಲೆಕ್ಟರು ದೊಡ್ಡ ದೊರೆಯಾದರೆ ಅವರ ಕೈಕೆಳಗಿನ ಈ ಎಳೆಯ ಬಿಳಿಯ ಸಣ್ಣ ದೊರೆ. ಮದರಾಸಿನವರು ಇಡುವ ಭಾಷೆಯ ಪರೀಕ್ಷೆ ಪಾಸಾಗದಿದ್ದರೆ ದೊರೆಗೆ ಮೇಲೆ ಹೋಗುವ ದಾರಿಯಿಲ್ಲ. ದೊರೆ ಮೇಲೆ ಹೋಗದಿದ್ದರೆ ಮುನ್ಷಿಗೂ ದಾರಿಯಿಲ್ಲ. ರಾಯರು ಒಂಬತ್ತು ವರ್ಷದಿಂದ ಕಚೇರಿಯಲ್ಲಿ ಹಂಗಾಮಿ. ಯಾರಾದರೂ ಜ್ವರವೆಂದು ಮಲಗಿದರೆ ಅವರ ಜಾಗದಲ್ಲಿ ಕೂರಬೇಕು, ಅವರಿಗೆ ಬೆವರು ಬಿಟ್ಟಿತೆಂದು ತಿಳಿದ ಕೂಡಲೇ ಎದ್ದು ಬರಬೇಕು. ಊರಿನವರ ಜ್ವರದ ಮೇಲೆ ಸಂಸಾರ ನಡೆಸಿದ ಮನುಷ್ಯ. ಸಿರುಗುಪ್ಪದ ಕಚೇರಿಯಲ್ಲಿ ಒಂದು ಕಾಯಂ ಗುಮಾಸ್ತೆ ಕೆಲಸ ಖಾಲಿ ಬಿದ್ದಿದೆ ಎಂದು ಕಿವಿಗೆ ಬಿದ್ದಾಗಿನಿಂದ ಅವರಿಗೆ ಕನಸಿನಲ್ಲೆಲ್ಲ ಸಿರುಗುಪ್ಪದ ಕಾಲುವೆಯ ನೀರು, ಅಲ್ಲಿಯ ಸಣ್ಣಕ್ಕಿಯ ಅನ್ನ.

ಗುರುವಾರ ಸಂಜೆ ಪಾಠದ ಹೊತ್ತಿನಲ್ಲಿ ದೊರೆ ಒಂದು ಹಳೆಯ ಅರ್ಜಿ ಓದುತ್ತಿದ್ದ. ಅದರಲ್ಲಿ ಯಾವನೋ ರೈತ, ‘ಶಾನುಭೋಗರು ಬರೀ ಬಾಯುಪಚಾರ ಮಾಡಿ ಕಳಿಸಿದರು’ ಎಂದು ಬರೆಸಿದ್ದ. ದೊರೆ ಅಲ್ಲಿ ಬೆರಳಿಟ್ಟು, ಇದು ಹಲ್ಲುನೋವಿನ ಚಿಕಿತ್ಸೆಯೇ ಎಂದು ಕೇಳಿದ.

ಈ ಪದದ ಅರ್ಥ ಕೇಳಲು ಅವನಿಗೆ ಮದರಾಸು ಇಲಾಖೆಯಲ್ಲೇ ವಿಠ್ಠಲರಾಯರಿಗಿಂತ ತಕ್ಕ ಮನುಷ್ಯ ಸಿಗುತ್ತಿರಲಿಲ್ಲ. ರಾಯರು ಹುಟ್ಟಾ ಸಂಶಯದ ಪ್ರಾಣಿ. ಎದುರಿಗೆ ಬಂದವರು ನಮಸ್ಕಾರ ಎಂದರೆ, ಯಾಕೆ ಎಂದರು ಎಂದು ಮನೆ ಮುಟ್ಟುವ ತನಕ ಯೋಚಿಸುವವರು. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎಂಬ ಗಾದೆಯನ್ನು ಊರಿನ ಒಬ್ಬೊಬ್ಬರಿಗೂ ಅಳತೆ ಮಾಡಿ ಹೊಲಿಸಿಟ್ಟುಕೊಂಡಿದ್ದರು. ಹೀಗಾಗಿ ಅವರು ಕುರ್ಚಿಯ ಅಂಚಿಗೆ ಸರಿದು ಬಹಳ ಹುರುಪಿನಿಂದ ವಿವರಿಸಿದರು. ಬಾಯುಪಚಾರವೆಂದರೆ ನಯವಾದ ಮಾತು, ಆದರೆ ತುಟಿಯಿಂದ ಕೆಳಗೆ ಬೇರಿಲ್ಲದ್ದು. ಕೇಳಿದವನ ಮುಖ ಆ ಗಳಿಗೆಗೆ ಅರಳಬೇಕು, ಹೇಳಿದವನ ಕೈಯಿಂದ ಕೂದಲೂ ಕಳಚಬಾರದು. ದಾರಿಯಲ್ಲಿ ಸಿಕ್ಕವನಿಗೆ ‘ಊಟಕ್ಕೆ ಬರ್ರಿ’ ಎನ್ನುತ್ತೇವೆ, ಅವನು ‘ಆಗಲಿ’ ಎನ್ನುತ್ತಾನೆ. ನಾವು ಒಲೆ ಹಚ್ಚುವುದಿಲ್ಲ, ಅವನು ಚಪ್ಪಲಿ ಮೆಟ್ಟುವುದಿಲ್ಲ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ದೊರೆ ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ. ತಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಒಂದು ಪದ ಹೊಳೆಯುವುದಿಲ್ಲ ಎಂದು ತಲೆ ಕೆರೆದುಕೊಂಡ. ರಾಯರಿಗೆ ಪಾಪ ಎನಿಸಿತು. ಪದವೇ ಇಲ್ಲದವರಿಗೆ ಆ ಗುಣ ಎಲ್ಲಿಂದ ಬರಬೇಕು, ಈ ಜನ ಆಡಿದ್ದನ್ನು ಮಾಡುವವರು ಎಂದು ಮನಸ್ಸಿನಲ್ಲೇ ಸರ್ಟಿಫಿಕೇಟು ಕೊಟ್ಟರು. ಜನ್ಮದಲ್ಲಿ ಅವರು ಯಾರನ್ನಾದರೂ ನಂಬಿದ್ದು ಅದೇ ಮೊದಲು.

ಹೊರಡುವಾಗ ದೊರೆ ಜಗಲಿಯ ತನಕ ಬಂದು, ತನ್ನ ಪುಸ್ತಕದ ಕನ್ನಡದಲ್ಲಿ ಹೇಳಿದ: “ಮುನ್ಷಿ, ನೀವು ಮಹಾ ವಿದ್ವಾಂಸರು. ಸಿರುಗುಪ್ಪದ ಉದ್ಯೋಗವು ನಿಮ್ಮದೇ ಎಂದು ತಿಳಿಯಿರಿ.”

ಒಂಬತ್ತು ವರ್ಷದ ಹಂಗಾಮಿಗೆ ಈ ಮಾತು ಕೇಳಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. ಬಾಯಿಗೆ ಏನು ಬರುತ್ತಿದೆ ಎಂದು ನೋಡಿಕೊಳ್ಳುವಷ್ಟು ಎಚ್ಚರ ಉಳಿಯಲಿಲ್ಲ. ಹುಟ್ಟಿದಾಗಿನಿಂದ ರೂಢಿಯಾದ ಮಾತು ತಾನಾಗಿ ಉದುರಿತು: “ದೊರೆಗಳು ಒಮ್ಮೆ ನಮ್ಮಂಥಾ ಬಡವರ ಮನಿಗೆ ಊಟಕ್ಕ ಬರಬೇಕು.”

“ಆಗಲಿ. ನಾಳೆ ಮಧ್ಯಾಹ್ನವೇ ಬರುತ್ತೇನೆ,” ಎಂದ ದೊರೆ.

ಕೋಟೆಗುಡ್ಡದ ಕೆಳಗಿನ ಓಣಿಯ ತನಕ ರಾಯರು ಹೇಗೆ ನಡೆದು ಬಂದರೋ ಅವರಿಗೇ ತಿಳಿಯದು. ಮನೆಯಲ್ಲಿ ಮೂರು ಹೊತ್ತು ಮಡಿಯ ತಾಯಿ ಗಂಗಾಬಾಯಿ. ಓಣಿಯ ತುಂಬ ಆಚಾರ್ಯರು, ಜೋಯಿಸರು. ನೆರಳು ಬಿದ್ದರೆ ಸ್ನಾನ ಮಾಡುವ ಆ ಓಣಿಯಲ್ಲಿ ಒಬ್ಬ ಬಿಳಿಯ ದೊರೆ ಎಲೆಯ ಮುಂದೆ ಕೂತು ಅನ್ನ ಕಲಸುವುದೇ? ಬರಬೇಡಿ ಎನ್ನೋಣವೆಂದರೆ ಸಿರುಗುಪ್ಪ ಕೈ ತಪ್ಪುತ್ತದೆ. ಬರಲಿ ಎಂದರೆ ಪಂಕ್ತಿ ತಪ್ಪುತ್ತದೆ. ಅತ್ತ ದರಿ, ಇತ್ತ ಪುಲಿ. ರಾತ್ರಿ ಯಾರಿಗೂ ಹೇಳದೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಬೆಳಗಾಗುವಷ್ಟರಲ್ಲಿ ದೊರೆ ಮರೆತಿರಲಿ ದೇವರೇ ಎಂದು ಹರಕೆ ಹೊತ್ತರು.

ಬೆಳಿಗ್ಗೆ ಹಾಲಿನ ಜಂಬಮ್ಮ ಆ ಆಸೆಗೂ ನೀರು ಹೊಯ್ದಳು. ಅವಳು ಮೊದಲು ಬಂಗಲೆಗೆ ಹಾಲು ಕೊಟ್ಟು ಆಮೇಲೆ ಈ ಓಣಿಗೆ ಬರುವವಳು. ಹಾಲಿನ ಜೊತೆ ಆ ಕಡೆಯ ಸುದ್ದಿಯನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ನೀರು ಬೆರೆಸಿ ಅಳೆಯುವುದು ಅವಳ ವಾಡಿಕೆ. ರಾಯರು ಗುಟ್ಟಾಗಿ ವಿಚಾರಿಸಿದರು.

“ಇವತ್ತು ಮಧ್ಯಾಹ್ನ ಅಡಿಗಿ ಬ್ಯಾಡಂತ ಹೇಳ್ಯಾರಂತ್ರಿ ದೊರಿ. ಅಡಿಗಿಯಾತ ನನ್ ಕಡೆ ಅರ್ಧ ಹಾಲು ವಾಪಸ್ ಕೊಟ್ಟ. ಕುದುರಿಗೆ ಜೀನು ಹಾಕಾಕ ಹತ್ತಿದ್ರು. ಎಲ್ಲೋ ಊಟಕ್ಕ ಹೊಂಟಂಗ ಐತಿ,” ಎಂದಳು ಜಂಬಮ್ಮ. ಆಮೇಲೆ ರಾಯರ ಮುಖ ನೋಡಿ, “ನಿಮ್ಮನಿಗೇನ್ರಿ?” ಎಂದಳು.

ರಾಯರು ಇಲ್ಲ ಎನ್ನಲು ತಡ ಮಾಡಿದರು. ಅಷ್ಟು ತಡ ಜಂಬಮ್ಮನಿಗೆ ಸಾಕಾಗಿತ್ತು. ಅವಳು ಓಣಿಯ ಕೊನೆಯ ಮನೆಗೆ ಹಾಲು ಹಾಕಿ ಮುಗಿಸುವ ಮೊದಲೇ ಸುದ್ದಿ ಎಲ್ಲರ ಮನೆಯಲ್ಲೂ ಕಾದು ಕೆನೆ ಕಟ್ಟಿತ್ತು.

ಗಂಗಾಬಾಯಿ ಅಳಲಿಲ್ಲ, ಕೂಗಾಡಲಿಲ್ಲ. ದೇವರ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡರು. “ನನ್ನ ಮಡಿ ಅರಿವಿ ಒಣಗೋ ಅಂಗಳದಾಗ ದೊರಿ ಉಣ್ಣೂದು ನೋಡ್ಲಿಕ್ಕೆ ನಾ ಇರಬೇಕೇನೋ ವಿಠ್ಠಲ? ಗಾಳೆಪ್ಪನ ಬಂಡಿ ಕರಿ. ಕುರುಗೋಡಿಗೆ ಮಗಳ ಮನಿಗೆ ಹೋಗ್ತೀನಿ.”

ಗಾಳೆಪ್ಪ ಬಂಡಿ ಕಟ್ಟಿದ. ದೇವರ ಜೊತೆ ತುಳಸಿ ಕುಂಡ ಹತ್ತಿತು, ಉಪ್ಪಿನಕಾಯಿ ಜಾಡಿ ಹತ್ತಿತು. ಮೈಲಿಗೆಯಾಗಬಾರದೆಂದು ಮನೆಯ ಹಿತ್ತಾಳೆ ಪಾತ್ರೆಗಳೆಲ್ಲ ಹತ್ತಿದವು. ಬಂಡಿ ಹೋದ ಮೇಲೆ ರಾಯರ ಹೆಂಡತಿ ಇಂದಿರಾಬಾಯಿ ಬರಿದಾದ ಅಡುಗೆಮನೆಯಲ್ಲಿ ನಿಂತು, ದೊರಿ ಖಾರ ಉಣ್ತಾನೇನು, ಉಣ್ತಾನಂದ್ರೂ ಸಾರು ಯಾತರಾಗ ಮಾಡ್ಲಿ ಎಂದು ಎರಡೇ ಪ್ರಶ್ನೆ ಕೇಳಿದರು. ಕಡೆಗೆ ಜಂಬಮ್ಮನ ಮನೆಯಿಂದ ಎರಡು ಹೊಸ ಮಡಕೆ ಬಂದವು.

ಇಷ್ಟರಲ್ಲಿ ಓಣಿಯ ಹಿರಿಯರಾದ ಶ್ರೀನಿವಾಸಾಚಾರ್ಯರು ನಾಲ್ಕು ಜನರನ್ನು ಬೆನ್ನಿಗೆ ಹಾಕಿಕೊಂಡು ಬಂದು ಜಗಲಿಯ ಕೆಳಗೇ ನಿಂತರು. ಮೇಲೆ ಬನ್ನಿ ಎಂದರೂ ಬರಲಿಲ್ಲ. ರಾಯರು ಉಪಾಯ ಹೇಳಿದರು: ದೊರೆ ಹೊಸಿಲು ದಾಟುವುದಿಲ್ಲ, ಅಂಗಳದಲ್ಲಿ ಚಪ್ಪರದ ಕೆಳಗೆ ಊಟ. ಆಚಾರ್ಯರು ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ಯಾರ ತಲೆಗೂ ಹೊಳೆಯದಿದ್ದ ಒಂದು ಪ್ರಶ್ನೆ ಹಾಕಿದರು.

“ಅದೆಲ್ಲಾ ಇರ್ಲಿ. ದೊರಿ ಉಂಡ ಎಲಿ ಯಾರು ತೆಗೀತಾರ?”

ನಿಜವಾದ ತೊಡಕು ಇದೇ. ಅತಿಥಿಯ ಕೈಯಿಂದ ಎಲೆ ತೆಗೆಸಬಾರದು, ಅದರಲ್ಲೂ ಸಿರುಗುಪ್ಪ ಕೊಡುವ ಅತಿಥಿ. ಮನೆಯವರು ಆ ಎಂಜಲು ಮುಟ್ಟಿದರೆ ಕುಲ ಹೋಯಿತು. ಎಲ್ಲರ ಕಣ್ಣೂ ಜಂಬಮ್ಮನ ಕಡೆ ತಿರುಗಿದವು. ಅವಳು ಸೆರಗು ಬಿಗಿದು, ತಾನೂ ಎಲ್ಲಮ್ಮನ ಗುಡಿಗೆ ಹೋಗೋ ಹೆಣ್ಣುಮಗಳು, ದನದ್ದು ಬೇಕಾದರೆ ಬಳಿದೇನು, ದೊರೆಯದು ಮುಟ್ಟೆನು ಎಂದಳು. ಆಮೇಲೆ ಅರ್ಧ ತಾಸು ಅದೇ ಚರ್ಚೆ. ಉದ್ದ ಕೋಲಿನಿಂದ ತಳ್ಳಬಹುದೇ? ತಳ್ಳಿದರೆ ಕೋಲಿನ ಗತಿ ಏನು? ಶಾಸ್ತ್ರದಲ್ಲಿ ದೊರೆಯ ಎಂಜಲೆಲೆಗೆ ಪ್ರತ್ಯೇಕ ವಿಧಿ ಯಾರಿಗೂ ನೆನಪಾಗಲಿಲ್ಲ.

ಆಗಲೇ ಎದುರುಮನೆಯ ಗೋಪಾಲಕೃಷ್ಣರಾಯ ಬಂದ. ಅದೇ ಕಚೇರಿಯ ಇನ್ನೊಬ್ಬ ಹಂಗಾಮಿ. ಹೊತ್ತು ಏರುವ ಮೊದಲೇ ಜರಿಯ ರುಮಾಲು ಸುತ್ತಿದ್ದ. ರಾಯರು ಆ ರುಮಾಲನ್ನೇ ಮೇಲಿಂದ ಕೆಳಗೆ ಅಳೆದು ನೋಡಿದರು. ಕಾರಣವಿಲ್ಲದೆ ಜರಿ ಹೊರಗೆ ಬರುವುದಿಲ್ಲ.

ಗೋಪಾಲಕೃಷ್ಣರಾಯ ಎರಡೂ ಕೈ ಹಿಡಿದುಕೊಂಡು, “ಸಿರುಗುಪ್ಪದ ಕೆಲಸ ನಿಮಗ ಬಿಟ್ಟು ಇನ್ಯಾರಿಗೆ ಸಿಗಬೇಕು ರಾಯರ? ದೊರಿ ಪಾಟ್ಲೂನು ಹಾಕ್ಕೊಂಡು ನೆಲಕ್ಕ ಕೂಡೂದಿಲ್ಲ. ನಮ್ಮನ್ಯಾಗ ಕುರ್ಚಿ ಅದ, ತರಿಸ್ಕೊಳ್ರಿ. ನಿಮ್ಮದೇ ಅನ್ಕೊಳ್ರಿ,” ಎಂದ.

ಓಣಿಗೆಲ್ಲ ಅದೊಂದೇ ಕುರ್ಚಿ. ರಾಯರ ಮೂಗಿಗೆ ಬಾಯುಪಚಾರದ ವಾಸನೆ ಬಡಿಯಿತು. ಈತನೇ ದೊರೆಯನ್ನು ಎತ್ತಿಕಟ್ಟಿ ನನ್ನ ಜಾತಿ ಕೆಡಿಸಿ ಸಿರುಗುಪ್ಪ ಹೊಡೆಯಲು ನಿಂತಿರಬಹುದು ಎಂದು ಒಂದು ಗಳಿಗೆ ಅನುಮಾನ ಬಂತು. ಆದರೆ ದೊರೆ ತನ್ನ ಬಾಯಿಂದಲೇ ಮಾತು ಕೊಟ್ಟಿದ್ದಾನಲ್ಲ, ಇವನು ಏನು ಮಾಡಿಯಾನು ಎಂದು ಸಮಾಧಾನ ತಂದುಕೊಂಡರು. ಒಂದು ತಾಸು ಬಿಟ್ಟು ಕುರ್ಚಿಗೆ ಹೋದರೆ ಗೋಪಾಲಕೃಷ್ಣರಾಯನ ಮನೆಗೆ ಬೀಗ. ನನ್ನ ಮೂಗು ಸುಳ್ಳು ಹೇಳುವುದಿಲ್ಲ ಎಂದು ರಾಯರಿಗೆ ಆ ಸಂಕಟದಲ್ಲೂ ಒಂದಿಷ್ಟು ಹೆಮ್ಮೆಯಾಯಿತು.

ಕುರ್ಚಿಯ ಬದಲು ಅಂಗಳದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಒರಳನ್ನು ಉರುಳಿಸಿ ತಂದು ಬೋರಲು ಹಾಕಿದರು. ಅದರ ಮೇಲೆ ರಾಯರ ಮದುವೆಯ ಶಾಲು ಹೊದಿಸಿದರು. ಎದುರಿಗೆ ಒಂದು ಮರದ ಪೆಟ್ಟಿಗೆ, ಅದರ ಮೇಲೆ ತುದಿ ಬಾಳೆ ಎಲೆ. ಚಪ್ಪರದ ಸುತ್ತ ದುಪ್ಪಟಿ ಕಟ್ಟಿ ಮರೆ ಮಾಡಿದರು. ಓಣಿಯ ಗಂಡಸರು ನೋಡಬಾರದೆಂದು ಬಂದು, ಕಾಣುವಂಥ ಜಾಗ ಹಿಡಿದು ನಿಂತರು.

ಹನ್ನೆರಡಾಯಿತು. ಇಂದಿರಾಬಾಯಿ ಎಲೆಗೆ ಉಪ್ಪು, ಕೋಸಂಬರಿ, ಪಲ್ಯ, ಚಿತ್ರಾನ್ನ ಬಡಿಸಿ ಹಪ್ಪಳ ಕರಿಯಲು ಒಳಗೆ ಹೋದರು. ಆ ಹೊತ್ತಿಗೆ ಓಣಿಯ ಬಾಯಲ್ಲಿ ಗೊರಸಿನ ಸಪ್ಪಳ ಕೇಳಿತು. ಬಂದ, ಬಂದ ಎಂದು ಯಾರೋ ಅಂದರು. ರಾಯರು ರುಮಾಲು ಸರಿಮಾಡಿಕೊಳ್ಳುತ್ತ ಓಡಿದರು. ಬೈಯಲೆಂದೇ ಬಂದಿದ್ದ ಆಚಾರ್ಯರೂ ಅವರ ಮಂದಿಯೂ ದೊರೆಯ ಮುಖ ನೋಡುವ ಆಸೆಗೆ ಹಿಂದೆಯೇ ಓಡಿದರು. ಹೋಗಿ ನೋಡಿದರೆ ಎಣ್ಣೆ ವ್ಯಾಪಾರಿಯ ಕುಂಟು ತಟ್ಟುಕುದುರೆ. ಅದು ಇಷ್ಟು ಜನರ ಸ್ವಾಗತ ಕಂಡು ಗಾಬರಿಯಾಗಿ ನಿಂತುಬಿಟ್ಟಿತ್ತು. ಎಲ್ಲರೂ ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ನಿಂತು, ಕಂಟೋನ್ಮೆಂಟಿನ ದಾರಿಯ ಧೂಳು ನೋಡಿ, ಬಿಸಿಲು ತಾಳದೆ ತಿರುಗಿ ಬಂದರು.

ಬಂದು ದುಪ್ಪಟಿ ಸರಿಸಿದರೆ ಎಲೆ ಖಾಲಿ.

ಚಿತ್ರಾನ್ನವಿಲ್ಲ, ಪಲ್ಯವಿಲ್ಲ, ಕೋಸಂಬರಿಯ ಒಂದು ಕಾಳಿಲ್ಲ. ಎಲೆಯದೂ ಅರ್ಧ ಭಾಗವಿಲ್ಲ. ಶಾಲು ಮುದುಡಿತ್ತು. ಹಿತ್ತಲ ಕಡೆಯ ತಡಿಕೆ ಬಾಗಿಲು ತೆರೆದುಕೊಂಡಿತ್ತು. ಒಲೆಯ ಮುಂದಿದ್ದ ಇಂದಿರಾಬಾಯಿ ಏನನ್ನೂ ನೋಡಿರಲಿಲ್ಲ.

ಶ್ರೀನಿವಾಸಾಚಾರ್ಯರು ಎಲೆಯನ್ನು ಮೂರು ಮಾರು ದೂರದಿಂದ ಪರೀಕ್ಷೆ ಮಾಡಿದರು. “ಹಿತ್ತಲ ಕಡೆಯಿಂದ ಬಂದು ಉಂಡು ಹೋಗ್ಯಾನ.”

“ಆಚಾರ್ಯರ, ಎಲೀನೂ ತಿಂದದ್ದದ ನೋಡ್ರಿ. ದೊರೆಗಳು ಎಲಿ ಯಾಕ ತಿಂತಾರ?” ಎಂದರು ರಾಯರು.

“ಅವರಿಗೇನು ಗೊತ್ತು ಪಾಪ, ಎಲ್ಲಿ ತನಕಾ ಊಟ, ಎಲ್ಲಿಂದ ಎಲಿ ಅಂತ,” ಎಂದರು ಆಚಾರ್ಯರು.

ಎಲ್ಲರೂ ತಲೆದೂಗಿದರು. ಮರೆಯಲ್ಲಿ ಉಣಿಸಿ ಹಿತ್ತಲಿಂದ ಕಳಿಸುವುದಕ್ಕೇ ರಾಯರು ನಮ್ಮನ್ನೆಲ್ಲ ತಟ್ಟುವಿನ ಹಿಂದೆ ಓಡಿಸಿದರು ಎಂದು ಒಬ್ಬ ಹೇಳಿದ. ಅದುವರೆಗೆ ಯಾರಿಗೂ ತೋಚದಿದ್ದ ಈ ಮಾತು ಎಲ್ಲರಿಗೂ ಸರಿಯೆನಿಸಿತು. ಜಂಬಮ್ಮ ಮಾತ್ರ ಒಂದು ಮಾತೂ ಆಡದೆ ಹಿತ್ತಲ ಬಾಗಿಲಿಂದ ಬೇಗ ಬೇಗ ಹೊರಟು ಹೋದಳು. ಮಾತಿಲ್ಲದ ಜಂಬಮ್ಮನನ್ನು ಆ ಓಣಿ ಅದೇ ಮೊದಲು ನೋಡಿದ್ದು. ಸಂಶಯದ ರಾಯರು ಅದನ್ನು ಗಮನಿಸಬೇಕಿತ್ತು. ಆದರೆ ಮನುಷ್ಯ ತನ್ನ ಕುತ್ತಿಗೆಗೆ ಬಂದಾಗ ಎಲ್ಲವನ್ನೂ ಗಮನಿಸಲಾರ.

ಆಚಾರ್ಯರು ತೀರ್ಪು ಕೊಟ್ಟರು. ಮನೆ ಶುದ್ಧಿಯಾಗಬೇಕು, ರಾಯರೂ ಅವರ ಹೆಂಡತಿಯೂ ಪಂಚಗವ್ಯ ಕುಡಿಯಬೇಕು, ಅಲ್ಲಿಯ ತನಕ ಪಂಕ್ತಿಯಿಲ್ಲ. ದೊರೆ ಬಂದೇ ಇಲ್ಲ, ದೇವರಾಣೆ ಎಂದು ರಾಯರು ಅಂಗಲಾಚಿದರು. ನಿನ್ನ ಮಾತು ಯಾರು ನಂಬಬೇಕು, ಉಂಡಿಲ್ಲ ಅಂತ ದೊರೆಯ ಕೈಲೇ ಬರೆಸಿಕೊಂಡು ಬಾ, ಅವರು ಬರೆದರೆ ಮುಗಿಯಿತು ಎಂದರು ಆಚಾರ್ಯರು.

ಇದು ನ್ಯಾಯವಾದ ಮಾತೆಂದು ರಾಯರಿಗೂ ಅನಿಸಿತು. ಅದೂ ಅಲ್ಲದೆ ದೊರೆ ಬರಲಿಲ್ಲವೇಕೆ? ದಾರಿ ತಪ್ಪಿದನೋ, ಸಿಟ್ಟಾದನೋ? ಸಿಟ್ಟಾಗಿದ್ದರೆ ಸಿರುಗುಪ್ಪದ ಗತಿ ಏನು? ಹೊಟ್ಟೆಗೆ ಏನೂ ಇಲ್ಲದೆ ಬಿಸಿಲಿನಲ್ಲಿ ಬಂಗಲೆಗೆ ಹೋದರು. ಜವಾನ ಹೊನ್ನೂರಪ್ಪ ಜಗಲಿಯ ನೆರಳಿನಲ್ಲಿ ಮಲಗಿದ್ದವನು ಎದ್ದು ಕೂತ. ದೊರೆ ಎಂಟು ಗಂಟೆಗೇ ಕುದುರೆ ಹತ್ತಿ ಕುರುಗೋಡಿಗೆ ಹೋದರೆಂದು, ಕಂದಾಯದ ಲೆಕ್ಕ ನೋಡುವ ಜಮಾಬಂದಿಯ ಡೇರೆ ಸಾಮಾನು ಮೊನ್ನೆಯೇ ಬಂಡಿಯಲ್ಲಿ ಹೋಗಿದೆಯೆಂದು ಹೇಳಿದ.

“ಮೊನ್ನೆನೇ ಗೊತ್ತಿತ್ತೇನೋ ಇದು?”

“ಹೋದ ವಾರದಿಂದ ಗೊತ್ತೈತ್ರಿ. ಯಾಕ್ರಿ ರಾಯರ, ಊಟಗೀಟ ಮಾಡಿಲ್ಲೇನ್ರಿ? ಮಾರಿ ಬಾಡೈತಿ. ನಮ್ಮ ಮನಿಗೆ ಬರ್ರಿ ಅಂದೇನು, ನೀವು ಬರಂಗಿಲ್ಲ,” ಎಂದ ಹೊನ್ನೂರಪ್ಪ.

ರಾಯರು ಅಲ್ಲಿಂದಲೇ ಜಟಕಾ ಮಾಡಿಕೊಂಡು ಕುರುಗೋಡಿನ ದಾರಿ ಹಿಡಿದರು. ಹದಿನೇಳು ಮೈಲಿ, ಎರೆ ಭೂಮಿಯ ಧೂಳು. ಹೊತ್ತು ಇಳಿಯುವ ಹೊತ್ತಿಗೆ ದೊಡ್ಡ ಬಸವಣ್ಣನ ಗುಡಿಯ ಆಚೆ ಹುಣಸೆ ತೋಪಿನಲ್ಲಿ ಬಿಳಿಯ ಡೇರೆಗಳು ಕಂಡವು. ತೋಪಿನ ಅಂಚಿನಲ್ಲಿ ಸಂಸಾರದ ಸಾಮಾನು ಹೇರಿದ ಒಂದು ಬಂಡಿ ನಿಂತಿತ್ತು. ಟ್ರಂಕು, ಹಾಸಿಗೆ, ಬಿಂದಿಗೆ. ಎಲ್ಲಕ್ಕಿಂತ ಮೇಲೆ ಕಾಲು ಆಕಾಶಕ್ಕೆ ಮಾಡಿ ಕಟ್ಟಿದ ಒಂದು ಕುರ್ಚಿ. ಆ ಕುರ್ಚಿಯನ್ನು ರಾಯರು ಎಲ್ಲೋ ನೋಡಿದ್ದರು. ಎಲ್ಲೆಂದು ನೆನಪಾದಾಗ ಜಟಕಾ ಇಳಿದು ಬಿರಬಿರನೆ ಡೇರೆಯ ಕಡೆ ನಡೆದರು.

ದೊರೆ ಡೇರೆಯ ಮುಂದೆ ಚಹ ಕುಡಿಯುತ್ತಿದ್ದ. ಮುನ್ಷಿಯನ್ನು ನೋಡಿ ನಿಜವಾಗಿ ಸಂತೋಷಪಟ್ಟ. ಪಾಠ ಹೇಳಲು ಇಷ್ಟು ದೂರ ಬಂದಿರಾ ಎಂದು ಕೇಳಿದ. ರಾಯರು ನಿಂತಲ್ಲೇ ನಿಂತು, ಮಧ್ಯಾಹ್ನ ಎಲೆ ಹಾಕಿಸಿ ದಾರಿ ಕಾದದ್ದನ್ನು ಆದಷ್ಟು ಮೆತ್ತಗೆ ಹೇಳಿದರು.

ದೊರೆಯ ಕೈಯಲ್ಲಿದ್ದ ಬಟ್ಟಲು ನಿಂತಿತು. “ನೀವು ನಿಜವಾಗಿಯೂ ಎಲೆ ಹಾಕಿದಿರಾ? ನೀವು ಬನ್ನಿ ಎಂದಿರಿ, ನಾನು ಆಗಲಿ ಎಂದೆನು. ಬಾಯುಪಚಾರವಲ್ಲವೇ? ನೀವೇ ಕಲಿಸಿದಿರಿ.”

ರಾಯರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ಒಳಗಿನ ಮೇಷ್ಟರು ಸುಮ್ಮನಿರಲಿಲ್ಲ. “ದೊರೆಗಳು ನಾಳೆ ಮಧ್ಯಾಹ್ನ ಅಂದ್ರಿ. ಬಾಯುಪಚಾರದೊಳಗ ದಿನ ಹೇಳಬಾರದು. ದಿನ ಹೇಳಿದ್ರ ಅದು ನಿಜವಾದ ಮಾತಾಗ್ತದ,” ಎಂದರು.

ದೊರೆ ಕೂಡಲೇ ಪುಸ್ತಕ ತೆಗೆದು ‘ದಿನ ಹೇಳಬಾರದು’ ಎಂದು ಬರೆದು ಕೆಳಗೆ ಗೆರೆ ಎಳೆದ. ತನ್ನ ತಪ್ಪಿಗೆ ಬಹಳ ನೊಂದುಕೊಂಡ. ಆಮೇಲೆ ಏನೋ ನೆನಪಾಗಿ ಅವನ ಮುಖ ಅರಳಿತು.

“ಹಾಗಾದರೆ ಸಿರುಗುಪ್ಪದ ಮಾತನ್ನು ನಾನು ಸರಿಯಾಗಿ ಪ್ರಯೋಗಿಸಿದೆನಲ್ಲವೇ? ಅದಕ್ಕೆ ದಿನ ಹೇಳಲಿಲ್ಲ. ನಿಮ್ಮ ಮುಖ ಎಷ್ಟು ಅರಳಿತು! ಪಾಠ ಬಂದಿತೆಂದು ನನಗೆ ಆಗಲೇ ತಿಳಿಯಿತು.”

ಹುಣಸೆ ಮರದಲ್ಲಿ ಕಾಗೆಗಳು ಕೂಗುತ್ತಿದ್ದವು. ರಾಯರಿಗೆ ಸ್ವಲ್ಪ ಹೊತ್ತು ಅದೊಂದೇ ಕೇಳಿಸಿತು. ಸಿರುಗುಪ್ಪದ ಕೆಲಸಕ್ಕೆ ದೊಡ್ಡ ದೊರೆಗಳು ಹೋದ ತಿಂಗಳೇ ಗೋಪಾಲಕೃಷ್ಣರಾಯರನ್ನು ಗೊತ್ತು ಮಾಡಿದ್ದರೆಂದು, ಅವರು ಹುಕುಂ ತೆಗೆದುಕೊಂಡು ಈಗ ಹೊರಡುತ್ತಿದ್ದಾರೆಂದು ದೊರೆ ಹೇಳುತ್ತಲೇ ಇದ್ದ. ಊರಿನ ಒಬ್ಬೊಬ್ಬರ ಮಾತನ್ನೂ ಒರೆಗೆ ಹಚ್ಚಿ ನೋಡುವ ಮನುಷ್ಯ ತಾನು. ಒಂಬತ್ತು ವರ್ಷ ಕಾದ ಮಾತಿಗೆ ದಿನವಿಲ್ಲ ಎಂಬುದನ್ನು ನೋಡದೆ ಹೋದೆನಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡರು.

“ನನ್ನ ಪ್ರಯೋಗ ಸರಿಯಾಗಿತ್ತೇ, ಮುನ್ಷಿ?” ಎಂದು ದೊರೆ ಮತ್ತೆ ಕೇಳಿದ.

“ಬಹಳ ಸರಿಯಾಗಿತ್ತು,” ಎಂದರು ರಾಯರು.

ಕೆಲಸವಂತೂ ಹೋಯಿತು, ಪಂಕ್ತಿಯನ್ನಾದರೂ ಉಳಿಸಿಕೊಳ್ಳಬೇಕು. ದೊರೆಯಿಂದ ಚೀಟಿ ಬರೆಸಬೇಕು. ಆದರೆ ಹೇಗೆ ಕೇಳುವುದು? ನೀವು ಉಂಡರೆ ನಮಗೆ ಮೈಲಿಗೆ, ಅದಕ್ಕೆ ಉಂಡಿಲ್ಲವೆಂದು ಬರೆದು ಕೊಡಿ ಎಂದು ದೊರೆಯ ಮುಖಕ್ಕೆ ಹೇಳಲು ಬಾಯಿ ಬರುತ್ತದೆಯೇ? ರಾಯರು ಆ ಮಾತನ್ನು ನಾಲ್ಕು ಸುತ್ತು ರೇಷ್ಮೆಯಲ್ಲಿ ಸುತ್ತಿದರು. “ನಮ್ಮ ಓಣಿ ಹಿರಿಯರಿಗೆ ದೊರೆಗಳ ಊಟದ ವಿಷಯದಾಗ ಒಂದಿಷ್ಟು ಸಂದೇಹ ಬಂದದ. ದೊರೆಗಳು ಕನ್ನಡದಾಗ ಎರಡು ಸಾಲು ಬರೆದು ಕೊಟ್ಟರ ನನ್ನ ಮಾನ ಉಳೀತದ,” ಎಂದರು.

ದೊರೆ ತಕ್ಷಣ ಒಪ್ಪಿದ. ಅಷ್ಟು ಕಷ್ಟಪಡಿಸಿದ್ದಕ್ಕೆ ಇಷ್ಟಾದರೂ ಮಾಡುತ್ತೇನೆಂದು ಒಳಗೆ ಹೋಗಿ, ಬಹಳ ಹೊತ್ತು ಕೂತು ಬರೆದು, ಮಡಚಿ, ಕೆಂಪು ಅರಗಿನ ಮುದ್ರೆ ಒತ್ತಿ ಕೈಗಿಟ್ಟ. ಹೊರಗೆ ಗೋಪಾಲಕೃಷ್ಣರಾಯ ಬಂಡಿ ಹತ್ತುತ್ತಿದ್ದವನು ಕೆಳಗಿಳಿದು ಕೈ ಹಿಡಿದುಕೊಂಡು, ಸಿರುಗುಪ್ಪದ ಕಡೆ ಬಂದರೆ ನಮ್ಮ ಮನೆಗೇ ಊಟಕ್ಕೆ ಬರಬೇಕು, ಬೇರೆಲ್ಲೂ ಇಳಿಯಬಾರದು ಎಂದ. ಯಾವತ್ತು ಬರಲಿ ಎಂದರು ರಾಯರು. ಗೋಪಾಲಕೃಷ್ಣರಾಯ ನಕ್ಕು ಎತ್ತುಗಳ ಕಡೆ ನೋಡಿದ.

ಆ ರಾತ್ರಿ ರಾಯರು ಕುರುಗೋಡಿನಲ್ಲೇ ತಂಗಿಯ ಮನೆಯ ಹೊರಜಗಲಿಯಲ್ಲಿ ಮಲಗಿದರು. ಗಂಗಾಬಾಯಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಚೀಟಿ ಇದೆ ಎಂದರೂ, ಅದನ್ನ ಮೊದಲ ಆಚಾರ್ಯರು ಓದ್ಲಿ ಎಂದು ದೂರದಿಂದ ಎರಡು ರೊಟ್ಟಿ ನೂಕಿದರು.

ಮರುದಿನ ರಾಯರು ಬಳ್ಳಾರಿಗೆ ಮರಳುವ ಹೊತ್ತಿಗೆ ಓಣಿಯ ಜನವೆಲ್ಲ ಅವರ ಅಂಗಳದಲ್ಲಿ ಸೇರಿತ್ತು. ರಾಯರು ಮುದ್ರೆ ಒಡೆಯದ ಚೀಟಿಯನ್ನು ಜಗಲಿಯ ಅಂಚಿಗಿಟ್ಟು ಹಿಂದೆ ಸರಿದು ನಿಂತರು. ಗುರುವಾರದಿಂದೀಚೆಗೆ ಮೊದಲ ಸಲ ಅವರ ಎದೆ ಹಗುರಾಗಿತ್ತು. ಶ್ರೀನಿವಾಸಾಚಾರ್ಯರು ನೀರು ಚಿಮುಕಿಸಿ ಚೀಟಿ ಬಿಡಿಸಿ, ಮಂತ್ರ ಹೇಳುವ ರಾಗದಲ್ಲಿ ಓದಿದರು:

“ಮಹಾಜನರ ಸನ್ನಿಧಾನಕ್ಕೆ. ಮುನ್ಷಿ ವಿಠ್ಠಲರಾಯರು ನನ್ನನ್ನು ಸರಿಯಾಗಿ ಸತ್ಕರಿಸಲಿಲ್ಲವೆಂದು ತಾವು ಸಂದೇಹಪಟ್ಟಿರುವಿರಂತೆ. ಇದು ಶುದ್ಧ ತಪ್ಪು. ಅವರ ಗೃಹದ ಭೋಜನವು ಅಮೃತಕ್ಕೆ ಸಮಾನವಾಗಿತ್ತು. ಸಾರನ್ನು ಎರಡು ಬಾರಿ ಹಾಕಿಸಿಕೊಂಡೆನು. ಮತ್ತೊಮ್ಮೆ ಅವಶ್ಯವಾಗಿ ಬರುವೆನು.”

ರಾಯರು ಚೀಟಿ ಇಸಿದುಕೊಂಡು ಕಣ್ಣಾಡಿಸಿದರು. ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಅದನ್ನೇ ಹಿಡಿದು ಏನಾದರೂ ಹೇಳಬಹುದಿತ್ತು. ಅಕ್ಷರ ಮುತ್ತಿನಂತೆ. ಒಂದು ಒತ್ತು ಹೆಚ್ಚಿಲ್ಲ, ಒಂದು ದೀರ್ಘ ಕಡಿಮೆಯಿಲ್ಲ. ಮತ್ತೊಮ್ಮೆ ಬರುವೆನು ಎಂದಿದ್ದ, ದಿನ ಹೇಳಿರಲಿಲ್ಲ. ದೊರೆ ಖಂಡಿತ ಪರೀಕ್ಷೆ ಪಾಸಾಗುತ್ತಾನೆ ಎಂದುಕೊಂಡರು ರಾಯರು.

ಪಂಚಗವ್ಯಕ್ಕೆ ಬೇಕಾದ ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ ಐದನ್ನೂ ಜಂಬಮ್ಮ ಕರೆಯದೆಯೇ ತಂದಳು. ಕಾಸು ಬೇಡ ಎಂದಳು. ರಾಯರು ಬಟ್ಟಲನ್ನು ಕೈಯಲ್ಲಿ ಹಿಡಿದು, ಇವಳು ಕಾಸು ಯಾಕೆ ಬೇಡ ಅಂದಳು ಎಂದು ಎಂದಿನಂತೆ ಯೋಚಿಸಲು ಶುರುಮಾಡಿದರು. ಆಗ ಹಿತ್ತಲ ತಡಿಕೆಯ ಸಂದಿಯಿಂದ ಜಂಬಮ್ಮನ ಕರಿಯ ಆಡು ತಲೆ ತೂರಿಸಿ ಒಳಗೆ ಬಂತು. ಬೋರಲು ಹಾಕಿದ ಒರಳಿನ ಮುಂದೆ, ನಿನ್ನೆಯ ಪೆಟ್ಟಿಗೆಯ ಹತ್ತಿರ ಹೋಗಿ, ಗಡ್ಡ ಅಲ್ಲಾಡಿಸುತ್ತ ಸರಿಯಾಗಿ ಊಟದ ಜಾಗದಲ್ಲೇ ನಿಂತುಕೊಂಡಿತು.

ಜಂಬಮ್ಮ ನೆಲ ನೋಡಿದಳು. ರಾಯರು ಆಡನ್ನು ನೋಡಿದರು, ಓಣಿಯ ಹಿರಿಯರನ್ನು ನೋಡಿದರು, ಕೈಯಲ್ಲಿದ್ದ ದೊರೆಯ ಚೀಟಿ ನೋಡಿದರು. ಈಗ ಹೇಳಿದರೆ ನಂಬುವವರು ಯಾರು? ಕಣ್ಣು ಮುಚ್ಚಿ, ಮೂಗು ಹಿಡಿದು, ಬಟ್ಟಲೆತ್ತಿ ಕುಡಿದರು. ಅವರು ಜನ್ಮದಲ್ಲಿ ಊಟಕ್ಕೆ ಬರ್ರಿ ಎಂದು ಬಾಯಲ್ಲಿ ಕರೆದವರಿಗೆ ಲೆಕ್ಕವಿಲ್ಲ. ಎಲೆ ಹಾಕಿದ ದಿನ ನಿಜವಾಗಿ ಬಂದು ಉಂಡು ಹೋದದ್ದು ಅದೊಂದು ಆಡು, ಅದನ್ನು ಅವರು ಕರೆದೇ ಇರಲಿಲ್ಲ.